ರದ್ದು ಅನ್ನಲಾರದ ಮಷಿನ್

ನಾನು ಹುಟ್ಟಾ ಪುಕ್ಕಲಿ. ಹಲ್ಲಿಗೆ ಅಂಜುತ್ತಿದ್ದೆ, ಗುಡುಗಿಗೆ ಅಂಜುತ್ತಿದ್ದೆ, ಇಂಗ್ಲಿಷ್ ಮಾತಾಡುವವರಿಗಂತೂ ಕೇಳಲೇಬೇಡಿ. ಅಂಥವಳು ಎಪ್ಪತ್ತರ ದಶಕದ ಕೊನೆಯಲ್ಲಿ ಪುಣೆಯ ಒಂದು ಕಾರಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸಕ್ಕೆ ಸೇರಿದ್ದೆ ಅಂದರೆ ಅದರಲ್ಲಿ ನನ್ನ ಧೈರ್ಯದ ಪಾಲು ಏನೂ ಇರಲಿಲ್ಲ. ಗಣಿತದಲ್ಲಿ ಒಳ್ಳೆಯ ಅಂಕ ಬಂದಿದ್ದವು, ಬಬಲೇಶ್ವರದ ನನ್ನ ಸೋದರಮಾವ ಎಲ್ಲಿಯೋ ಜಾಹೀರಾತು ನೋಡಿ ಅರ್ಜಿ ಹಾಕಿಸಿದ್ದ, ಅವರು ಕರೆದುಬಿಟ್ಟರು. ಹೋದೆ. ವಿಜಯಪುರದ ನಮ್ಮ ಓಣಿಯಿಂದ ಒಬ್ಬಳೇ ಹೊರಗೆ ಹೋಗಿ ಹಾಸ್ಟೆಲಿನಲ್ಲಿ ಇದ್ದು ದುಡಿದ ಮೊದಲ ಹುಡುಗಿ ನಾನು. ಮೊದಲಿಗಳಾಗುವುದರಲ್ಲಿ ಏನು ಸುಖವಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಕಂಪ್ಯೂಟರ್ ಅಂದರೆ ಈಗಿನ ಹಾಗೆ ಮಡಿಲಲ್ಲಿ ಇಟ್ಟುಕೊಳ್ಳುವ ವಸ್ತುವಲ್ಲ. ನಮ್ಮ ಮನೆಯ ಪಡಸಾಲೆ, ಅಡುಗೆಮನೆ, ದೇವರಮನೆ ಎಲ್ಲ ಸೇರಿಸಿದರೂ ಸಾಲದಷ್ಟು ದೊಡ್ಡ ತಣ್ಣನೆಯ ಕೋಣೆ, ಅದರ ತುಂಬ ಕಪಾಟುಗಳು. ಅದಕ್ಕೆ ಹೇಳಬೇಕಾದುದನ್ನೆಲ್ಲ ದಪ್ಪ ಕಾಗದದ ಕಾರ್ಡುಗಳ ಮೇಲೆ ತೂತು ಕೊರೆದು ಕೊಡಬೇಕು. ಒಂದು ಕೆಲಸದ ಕಾರ್ಡುಗಳನ್ನು ಹಾಕಿ ಗುಂಡಿ ಒತ್ತಿದರೆ ಅದು ಓಡುತ್ತಿತ್ತು. ಮುಗಿದ ಮೇಲೆ ಇನ್ನೊಂದು. ಮಷಿನ್ನಿನ ಹಗ್ಗ ನಮ್ಮ ಕೈಯಲ್ಲಿತ್ತು ಅನ್ನಿ. ಅಷ್ಟಕ್ಕೆ ಹೇಗೋ ಹೊಂದಿಕೊಂಡಿದ್ದೆ.

ಮಳೆಗಾಲದಲ್ಲಿ ಒಂದು ದಿನ ನಮ್ಮ ಸಾಹೇಬರು ಎಲ್ಲರನ್ನೂ ನಿಲ್ಲಿಸಿ ಹೇಳಿದರು: ಇನ್ನು ಮುಂದೆ ಈ ಮಷಿನ್ನಿನೊಳಗೆ ಒಂದು ಆಪರೇಟಿಂಗ್ ಸಿಸ್ಟಂ ಇರುತ್ತದೆ. ಅದು ಹಲವು ಕೆಲಸಗಳನ್ನು ಒಟ್ಟಿಗೆ ಒಳಗೆ ತೆಗೆದುಕೊಂಡು, ಯಾವುದು ಮೊದಲು ಯಾವುದು ಆಮೇಲೆ ಎಂದು ತಾನೇ ನಿರ್ಧರಿಸುತ್ತದೆ. ಏನಾದರೂ ಬೇಕಾದರೆ ಟೈಪ್ ಮಾಡಿ ನಿಮ್ಮನ್ನು ಕೇಳುತ್ತದೆ. ಇಷ್ಟು ದಿನ ಮಷಿನ್ನಿಗೆ ನೀವು ಹೇಳುತ್ತಿದ್ದಿರಿ, ಇನ್ನು ಮೇಲೆ ಅದು ನಿಮಗೆ ಹೇಳುತ್ತದೆ. ಹೀಗೆಂದು ಒಂದು ಮಾದರಿ ತೋರಿಸಿದರು. ಮೂಲೆಯ ಮೇಜಿನ ಮೇಲಿದ್ದ ಟೈಪ್‌ರೈಟರ್ ಯಾರೂ ಮುಟ್ಟದೆ ತನ್ನಷ್ಟಕ್ಕೆ ತಾನು ಕಟಕಟ ಬಡಿಯತೊಡಗಿತು. ಬೆರಳಿಲ್ಲದೆ ಗುಂಡಿಗಳು ಕೆಳಗಿಳಿಯುವುದನ್ನು ನೋಡಿದವರಿಗೇ ಆ ಭಯ ಗೊತ್ತು.

ಹೊಸ ವ್ಯವಸ್ಥೆ ಕೂರಿಸುವವರೆಗೆ ಕೋಣೆ ಮುಚ್ಚಿರುತ್ತದೆ, ರಜೆಯ ಮೇಲೆ ಊರಿಗೆ ಹೋಗಿ ಓದಿಕೊಂಡು ಬನ್ನಿ, ಬಂದ ಮೇಲೆ ಪರೀಕ್ಷೆ ಎಂದರು. ಪಾಸಾದವರು ಕಾಯಂ, ಉಳಿದವರು ಮನೆಗೆ. ಕೈಗೆ ಒಂದು ಸೈಕ್ಲೋಸ್ಟೈಲ್ ಪುಸ್ತಕ ಕೊಟ್ಟರು. ಅದರ ತುಂಬ ಗೆರೆ, ಚುಕ್ಕಿ, ಅಲ್ಪವಿರಾಮ. ಪ್ರತಿ ಕೆಲಸದ ತಲೆಗೆ ಇಂಥ ಕಾರ್ಡು, ಬುಡಕ್ಕೆ ಇಂಥ ಕಾರ್ಡು, ನಡುವೆ ಯಾವ ಟೇಪಿನ ಸುರುಳಿ ಬೇಕು ಎಂದು ಹೇಳುವ ಕಾರ್ಡು. ಒಂದು ಅಲ್ಪವಿರಾಮ ತಪ್ಪಿದರೂ ಸಿಸ್ಟಂ ಇಡೀ ಕೆಲಸವನ್ನೇ ಎತ್ತಿ ಹೊರಗೆ ಹಾಕುತ್ತದೆ.

ನನಗೆ ಪರೀಕ್ಷೆಯ ಹೆದರಿಕೆಗಿಂತ ಅಪ್ಪನ ಹೆದರಿಕೆ ಹೆಚ್ಚಿತ್ತು. ಅಪ್ಪ ಕೋರ್ಟಿನಲ್ಲಿ ಕಾರಕೂನ. ಬೈಯುವವನಲ್ಲ, ಹೊಡೆಯುವವನಂತೂ ಅಲ್ಲ, ಆದರೆ ಆಡಿದ ಮಾತು ತಿರುಗಿಸುವವನಲ್ಲ. ಪುಣೆಗೆ ನನ್ನನ್ನು ಕಳಿಸಲು ಅವನಿಗೆ ಸುತರಾಂ ಮನಸ್ಸಿರಲಿಲ್ಲ. ಮಾಮಾ ಬೆನ್ನು ಬಿಡದೆ ಹೇಳಿ ಒಪ್ಪಿಸಿದಾಗ ಅಪ್ಪ ಹೊಸ್ತಿಲಲ್ಲಿ ನಿಂತು ಹೇಳಿದ್ದ: "ಕಳಸ್ತೇನಿ. ಆದ್ರ ನೌಕರಿ ನಿಲ್ಲದ ದೊಡ್ಡಾಕಿ ತಿರುಗಿ ಬಂದ್ಲಂದ್ರ, ಸಣ್ಣಾಕಿನ್ನ ಹತ್ತರ ಮುಂದ ಓದಸೂದಿಲ್ಲ. ಓದಿಸಿ ಏನಾತು ಅಂತ ನೋಡಿದಂಗಾತಲ್ಲ."

ಸಣ್ಣಾಕಿ ಅಂದರೆ ನನ್ನ ತಂಗಿ. ಆ ವರ್ಷ ಅವಳು ಹತ್ತನೆಯ ಇಯತ್ತೆಯಲ್ಲಿದ್ದಳು, ಡಾಕ್ಟರಾಗಬೇಕು ಎಂದು ಕಂಡಕಂಡವರ ನಾಡಿ ಹಿಡಿದು ನೋಡುತ್ತಿದ್ದಳು. ನಾನು ಒಂದು ಅಲ್ಪವಿರಾಮ ಮರೆತರೆ ಅವಳ ಸಾಲಿ ನಿಲ್ಲುತ್ತದೆ.

ಊರಿಗೆ ಬಂದವಳೇ ಮೊದಲು ಅವ್ವನ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಅವ್ವ ಜೋಳದ ಹಿಟ್ಟು ನಾದುವುದನ್ನು ನಿಲ್ಲಿಸಿ ಕೇಳಿದಳು. "ಅಂದ್ರ ಮಷಿನ್ ಮೈಯಾಗ ಇನ್ನೊಂದು ಏನೋ ಸೇರಿಕೊಂಡೈತಿ ಅನ್ನು."

"ಹೂನವ್ವ, ಹಂಗ ಅನ್ಕೋ."

"ಅದಕ್ಕ ಕೈ ಕಾಲು ಏನೂ ಇಲ್ಲ. ಕಣ್ಣಿಗೆ ಕಾಣೂದಿಲ್ಲ. ಆದ್ರ ಅದು ಹೇಳಿದಂಗ ಕೇಳಬೇಕು."

"ಹೂಂ."

ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ದೇವರ ಮುಂದಿನ ವಿಭೂತಿ ತಂದು ನನ್ನ ಹಣೆಗೆ ಹಚ್ಚಿದಳು. ಅವಳನ್ನು ನೋಡಿ ನಗು ಬರಬೇಕಿತ್ತು, ಬರಲಿಲ್ಲ. ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಸಂಗತಿ ಹಿಡಿದವನು ಮಾಮಾ. ಅವನು ನಮ್ಮ ಊರಿನ ಒಂದು ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಮುಕಾದಮನಾಗಿದ್ದ. ಹಂಗಾಮು ಇಲ್ಲದ ದಿನಗಳಾದ್ದರಿಂದ ಬಬಲೇಶ್ವರದಿಂದ ಬಂದು ನಮ್ಮ ಪಡಸಾಲೆಯಲ್ಲಿ ಅಡಕೆ ಕತ್ತರಿಸುತ್ತ ಕೂತಿರುತ್ತಿದ್ದ. ನಾನು ಅವ್ವನಿಗೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅಂದ: "ಇದರಾಗ ಅಂಜೂದೇನೈತಿ. ಹತ್ತಿ ಚಕ್ಕಡಿ ನೂರು ಬಂದು ನಿಂತಿರ್ತಾವ. ಯಾವುದು ಒಳಗ ಬರಬೇಕು, ಯಾವುದು ಹೊರಗ ನಿಲ್ಲಬೇಕು, ಯಾರ ಹತ್ತಿ ಯಾವ ಮಷಿನ್ನಿಗೆ ಹೋಗಬೇಕು ಅಂತ ಹೇಳಾಂವ ಒಬ್ಬ ಬೇಕಲ್ಲ. ನಿನ್ನ ಸಿಸ್ಟಂ ಅಂದ್ರ ಮುಕಾದಮ. ನಾ ಆಗತೇನಿ ನಿನ್ನ ಸಿಸ್ಟಂ. ಮಾಡು ಅಭ್ಯಾಸ."

ಹೀಗೆ ನಮ್ಮ ಪಡಸಾಲೆ ಕಂಪ್ಯೂಟರ್ ಆಯಿತು. ಪುಣೆಯಿಂದ ತಂದಿದ್ದ ರದ್ದಿ ಕಾರ್ಡುಗಳ ಬೆನ್ನಿಗೆ ನಾನು ಪೆನ್ನಿನಿಂದ ಬರೆದು, ಒಂದು ಕೆಲಸದ ಕಾರ್ಡುಗಳನ್ನು ಜೋಡಿಸಿ ಜೋಳ ಕೇರುವ ಮರದಲ್ಲಿ ಇಡುವುದು. ಮಾಮಾ ಒಂದೊಂದೇ ಎತ್ತಿ ಪುಸ್ತಕದ ಜೊತೆ ತಾಳೆ ನೋಡುವುದು. ಅವನು ಜಿನ್ನಿನ ಚೀಟಿಗಳಿಂದ ಇಂಗ್ಲಿಷ್ ಅಕ್ಷರ ಬಲ್ಲವನು. ಸರಿಯಿದ್ದರೆ "ಮುಂದ" ಎನ್ನಬೇಕು. ಇಂಥ ನಂಬರಿನ ಸುರುಳಿ ಬೇಕು ಎಂದು ಕಾರ್ಡು ಹೇಳಿದರೆ ಅವ್ವ ಒಳಗಿನಿಂದ ಆ ನಂಬರು ಬರೆದ ಡಬ್ಬಿಯ ಮುಚ್ಚಳ ತಂದಿಡಬೇಕು. ಎಲ್ಲ ಮುಗಿದ ಮೇಲೆ ತಂಗಿ "ಕೆಲಸ ಆತು" ಎಂದು ಕೂಗಬೇಕು, ಅವಳು ಪ್ರಿಂಟರ್. ಎಲ್ಲಿಯಾದರೂ ತಪ್ಪಿದ್ದರೆ ಮಾಮಾ ಕಾರ್ಡುಗಳನ್ನು ಮರದಿಂದ ಕೆಳಗೆ ಹಾಕಿ "ರದ್ದು" ಎನ್ನಬೇಕು. ಆ ಒಂದು ಶಬ್ದ ಸಿಸ್ಟಮ್ಮಿನದು. ಯಾಕೆ, ಏನು ತಪ್ಪು ಎಂದು ಹೇಳುವ ಹಾಗಿಲ್ಲ. ನಾನೇ ಹುಡುಕಿಕೊಳ್ಳಬೇಕು.

ಮೊದಲ ದಿನ ಬೆಳಗಿನಿಂದ ಸಂಜೆಯವರೆಗೆ ಕೇಳಿದ್ದು ರದ್ದು, ರದ್ದು, ರದ್ದು. ಸಂಜೆ ನಾನು ಗೋಡೆಗೆ ಮುಖ ಮಾಡಿ ಕೂತು ಅತ್ತೆ. ಮರುದಿನವೂ ಅದೇ ಕಥೆ. ಅವತ್ತು ನನಗೆ ಊಟ ಸೇರಲಿಲ್ಲ, ಮೈ ಬೆಚ್ಚಗಾಯಿತು. ಅಪ್ಪ ಕೋರ್ಟಿನಿಂದ ಬಂದವನು ಪಡಸಾಲೆಯಲ್ಲಿ ಹರಡಿದ್ದ ಕಾರ್ಡುಗಳನ್ನು ದಾಟಿ, ಏನೂ ಕೇಳದೆ ಒಳಗೆ ಹೋದ. ನಾನು ಸೋಲುತ್ತಿರುವುದು ಅವನಿಗೆ ತಿಳಿಯಿತು ಎಂದುಕೊಂಡೆ.

ಮೂರನೆಯ ದಿನದಿಂದ ನಾನು ಸುಧಾರಿಸತೊಡಗಿದೆ. ಒಂದು ಕೆಲಸ ರದ್ದಾದರೆ ಎರಡು ಪಾರಾಗುತ್ತಿದ್ದವು. ಆಮೇಲೆ ರದ್ದೇ ಇಲ್ಲ. "ಮುಂದ, ಮುಂದ, ಮುಂದ" ಎನ್ನುತ್ತ ಮಾಮಾ ಕಾರ್ಡು ಎಳೆಯುತ್ತಿದ್ದ, ಅವ್ವ ಮುಚ್ಚಳ ತರುತ್ತಿದ್ದಳು, ತಂಗಿ ಕೂಗುತ್ತಿದ್ದಳು. ಮಾಮಾ ಒಮ್ಮೆ ಬಬಲೇಶ್ವರಕ್ಕೆ ಹೋಗಬೇಕಾಗಿ ಬಂದಾಗ ನಾವೂ ಕಾರ್ಡಿನ ಗಂಟು ಕಟ್ಟಿಕೊಂಡು ಅವನ ಜೊತೆ ಬಸ್ಸು ಹತ್ತಿದೆವು. ಅಲ್ಲಿ ಅವನ ಕಟ್ಟೆಯ ಮೇಲೆ ನಮ್ಮ ಕಂಪ್ಯೂಟರ್ ನೋಡಲು ಅರ್ಧ ಓಣಿ ನೆರೆಯಿತು. ಒಬ್ಬ ಮುದುಕ ತುಂಬ ಹೊತ್ತು ನೋಡಿ, "ಇದು ಮಳಿ ಯಾವಾಗ ಆಗತೈತಿ ಅಂತ ಹೇಳತೈತೇನ್ರಿ" ಎಂದು ಕೇಳಿದ. ಇನ್ನೂ ಕಲಿಯಾಕತ್ತೈತಿ ಎಂದು ಮಾಮಾ ಗಂಭೀರವಾಗಿ ಹೇಳಿದ. ಎಷ್ಟೋ ದಿನಗಳ ಮೇಲೆ ನಾನು ನಕ್ಕೆ. ನನಗೆ ಬರುತ್ತದೆ, ನಾನು ಪಾಸಾಗುತ್ತೇನೆ ಎಂಬ ನಂಬಿಕೆ ಮೆಲ್ಲಗೆ ಬಂದು ಒಳಗೆ ಕೂತಿತು. ಹೊಟ್ಟೆ ತುಂಬ ಉಂಡೆ.

ಪುಣೆಗೆ ಹೊರಡುವ ದಿನ ಹತ್ತಿರ ಬಂದಾಗ ತಿಕೋಟಾದ ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಊಟಕ್ಕೆ ಕರೆದಳು. ಊರು ಬಿಟ್ಟು ಹೋಗುವ ಹುಡುಗಿಗೆ ಒಂದು ಹೋಳಿಗೆ ಊಟ ಹಾಕದೆ ಕಳಿಸುವವಳಲ್ಲ ಅವಳು. ತಿಕೋಟಾದಲ್ಲಿ ಆಗಿನ್ನೂ ದ್ರಾಕ್ಷಿ ತೋಟ ಅಲ್ಲೊಂದು ಇಲ್ಲೊಂದು. ಅತ್ತೆಯ ಮನೆಯವರು ಆಗಷ್ಟೇ ಬಳ್ಳಿ ಹಚ್ಚಿದ್ದರು, ಅದನ್ನು ನೋಡಬೇಕು ಎಂದು ನಮ್ಮ ಬಾಜೂ ಮನೆಯ ನನ್ನ ಗೆಳತಿಯೂ ಬಂದಳು. ಅವಳು ಬುರ್ಖಾದ ಒಳಗಿನಿಂದಲೇ ಜಗತ್ತಿನ ಎಲ್ಲ ಸಂಗತಿಗಳಿಗೂ ಪ್ರಶ್ನೆ ಕೇಳುವ ಹುಡುಗಿ. ಊಟವಾದ ಮೇಲೆ ತೋಟದ ಕೆಲಸದ ಹೆಂಗಸರೂ ಅಂಗಳದಲ್ಲಿ ಕೂತರು. ಅತ್ತೆ, "ಎಲ್ಲಿ, ತೋರಸ್ರಿ ನಿಮ್ಮ ಕಂಪ್ಯೂಟ್ರ" ಎಂದಳು. ಮಾಮಾ ಮೀಸೆ ತಿರುವಿ ಕೂತ. ಅಪ್ಪನೊಬ್ಬ ಬಂದಿರಲಿಲ್ಲ, ಅವನಿಗೆ ಕೋರ್ಟಿತ್ತು.

ಒಂದು ಕೆಲಸ ಓಡಿಸಿ ತೋರಿಸಿದೆ. "ಕೆಲಸ ಆತು" ಎಂದು ತಂಗಿ ಕೂಗಿದಾಗ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಗೆಳತಿ ಮಾತ್ರ ಕೇಳಿದಳು: "ತಪ್ಪು ಮಾಡಿದ್ರ ಏನ್ ಮಾಡತೈತಿ ಇದು?"

"ತಪ್ಪು ಮಾಡಿದ್ರ ಇದು ಯಾರಪ್ಪಂದೂ ಕೇಳೂದಿಲ್ಲ. ತಡಿ, ತೋರಸ್ತೇನಿ," ಎಂದು ಜಂಬದಿಂದ ಹೇಳಿದೆ. ಬೇಕೆಂತಲೇ ಎರಡು ಅಲ್ಪವಿರಾಮ ಬಿಟ್ಟು ಒಂದು ಕಾರ್ಡು ಬರೆದೆ. ಮರದಲ್ಲಿಟ್ಟು ಗೆಳತಿಯ ಕಿವಿಯಲ್ಲಿ, "ಈಗ ನೋಡು ಹೆಂಗ ಒಗೀತಾನ" ಎಂದೆ.

ಮಾಮಾ ಕಾರ್ಡು ಎತ್ತಿದ. ನೋಡಿದ. ಪುಸ್ತಕ ನೋಡಿದ. ಅವ್ವನ ಕಡೆ ಒಮ್ಮೆ ಕಣ್ಣು ಹಾಯಿಸಿದ. "ಮುಂದ" ಎಂದ.

ಅವನ ಕಣ್ಣು ತಪ್ಪಿರಬೇಕು ಅಂದುಕೊಂಡೆ. ಇಲ್ಲದ ನಂಬರಿನ ಸುರುಳಿ ಬೇಕು ಎಂದು ಇನ್ನೊಂದು ಕಾರ್ಡು ಬರೆದೆ. ಅವ್ವ ಎದ್ದು ಹೋಗಿ ಯಾವುದೋ ಮುಚ್ಚಳ ತಂದಿಟ್ಟಳು. ಆಗ ನನಗೆ ಅನುಮಾನ ಬಂತು. ಒಂದು ಖಾಲಿ ಕಾರ್ಡು ತೆಗೆದೆ. ಏನೂ ಬರೆಯದ, ಒಂದು ಗೆರೆಯೂ ಇಲ್ಲದ ಕಾರ್ಡು. ಮರದಲ್ಲಿಟ್ಟೆ.

"ಮುಂದ," ಎಂದ ಮಾಮಾ.

"ಕೆಲಸ ಆತು," ಎಂದಳು ತಂಗಿ.

ಹೆಂಗಸರು ಮತ್ತೆ ನಕ್ಕರು. ಗೆಳತಿ ನನ್ನ ಮುಖ ನೋಡಿ ನಗುವುದನ್ನು ನಿಲ್ಲಿಸಿದಳು. ಇಷ್ಟು ದಿನ ನಾನು ಕಲಿತದ್ದೇನು? ಯಾವ ಕಾರ್ಡು ಸರಿಯಿತ್ತು, ಯಾವುದು ತಪ್ಪಿತ್ತು? ಎಲ್ಲವೂ ಮುಂದೆ ಹೋಗಿದ್ದವು, ಒಂದೂ ನನ್ನದಾಗಿರಲಿಲ್ಲ.

ಎಲ್ಲರೂ ಎದ್ದು ಹೋದ ಮೇಲೆ ಮಾಮಾನನ್ನು ಹಿಡಿದು ಕೇಳಿದೆ. ಅವನು ತಲೆ ಕೆರೆದುಕೊಂಡ. "ನನ್ನ ಕೇಳಬ್ಯಾಡ. ನಿಮ್ಮವ್ವನ್ನ ಕೇಳು."

ಅವ್ವ ಸಂಕೋಚವೇ ಇಲ್ಲದೆ ಹೇಳಿದಳು: "ನಾನ ಹೇಳೇನಿ ರದ್ದು ಅನಬ್ಯಾಡ ಅಂತ. ಊರಿಗೆ ಹೊಂಟ ಮಗಳಿಗೆ ದಿನಾ ಕೂತು ರದ್ದು ರದ್ದು ಅಂದ್ರ ಚಲೋ ಆಗತೈತೇನು? ಮನ್ಯಾಗ ಬಳಿ ಒಡದ್ರ ಒಡೀತು ಅನ್ನೂದಿಲ್ಲ, ದೀಪ ಆರಿಸ್ರಿ ಅನ್ನೂದಿಲ್ಲ. ಅಂಥಾದ್ದರಾಗ ಎದ್ರ ಕೂತ್ರ ಈ ಮಾತು. ನೀ ಉಣ್ಣೂದು ಬಿಟ್ಟಿದ್ದಿ. ಮೈ ಸುಡತಿತ್ತು. ಆ ಮಾತು ನಿಲ್ಲಿಸಿದ ಮ್ಯಾಲೆ ನೋಡು ಹೆಂಗ ಚೇತರಿಸಿಕೊಂಡಿ."

"ಅವ್ವಾ, ಅಲ್ಲಿ ಮಷಿನ್ ಬಿಡೂದಿಲ್ಲವಾ."

"ಅಲ್ಲಿ ಅಂದ್ರ ಅಲ್ಲಿ. ನಮ್ಮ ಬಾಯಲೆ ಯಾಕ ಅನ್ನೂದು?"

ಅವಳ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಸಿಟ್ಟು ನಿಲ್ಲಲು ಜಾಗವೇ ಇರಲಿಲ್ಲ, ಒಳಗೆಲ್ಲ ಭಯ ತುಂಬಿತ್ತು. ತಿಕೋಟಾದಿಂದ ತಿರುಗಿ ಬರುವ ಬಸ್ಸಿನಲ್ಲಿ ತಂಗಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ನಾನು ಒಂದೊಂದೇ ದಾರಿ ಯೋಚಿಸಿದೆ. ಮಾಮಾ ಇನ್ನು ಆಣೆ ಮಾಡಿದರೂ ನಾನು ನಂಬಲಾರೆ. ಅವ್ವನಿಂದ ಆಗದು. ಗೆಳತಿಗೆ ಕೇಳಿದರೆ ಅವಳೂ ನನ್ನ ಮುಖ ನೋಡಿ ಕರಗಿಬಿಡುತ್ತಾಳೆ. ನನ್ನ ಮೇಲೆ ಮಮತೆಯಿರುವವರು ಯಾರೂ ಸಿಸ್ಟಂ ಆಗಲಾರರು ಎಂದು ಗೊತ್ತಾಯಿತು. ನಾನು ಸೋತರೆ ಬೇಡ ಎನ್ನದವನು, ನನ್ನ ಕಣ್ಣೀರಿಗೆ ಕರಗದೆ ರದ್ದು ಎನ್ನಬಲ್ಲವನು ಮನೆಯಲ್ಲಿ ಒಬ್ಬನೇ ಇದ್ದ.

ಅಪ್ಪ ಬಚ್ಚಲ ಕಟ್ಟೆಯ ಮೇಲೆ ಕಾಲು ತೊಳೆಯುತ್ತಿದ್ದ. ಅವನ ಹತ್ತಿರ ಹೋಗಿ ನಿಂತೆ. ಅವನು ತಲೆಯೆತ್ತಿದ.

"ಅಪ್ಪಾ, ನೀ ಸಿಸ್ಟಂ ಆಗಬೇಕು."

"ಯಾಕ, ನಿಮ್ಮ ಮಾಮಾ ಏನ್ ಮಾಡಿದ?"

"ಅಂವ ಮಾಫ್ ಮಾಡತಾನ."

"ನಾ ಮಾಡೂದಿಲ್ಲ ನೋಡು."

"ಗೊತ್ತೈತಿ. ಅದಕ್ಕ ಬಂದೇನಿ."

ಅಪ್ಪ ಕಾಲು ಒರೆಸಿಕೊಂಡು, "ಆ ಪುಸ್ತಕ ತಾ" ಎಂದ. ಚಾಳೀಸು ಹಾಕಿಕೊಂಡು ಕೋರ್ಟಿನ ಕಾಗದ ಓದುವ ಹಾಗೆ ಬೆರಳಿಟ್ಟು ಓದಿದ. ಅರ್ಥವಾಗದ ಕಡೆ ನನ್ನನ್ನು ಕೇಳಿದ. ನಾನು ಪುಣೆಗೆ ಹೋದ ಮೇಲೆ ಅಪ್ಪ ನನ್ನ ಕೆಲಸದ ಬಗ್ಗೆ ಒಂದು ಮಾತು ಕೇಳಿದ್ದು ಅದೇ ಮೊದಲು. ಸುರುಳಿಗಳನ್ನು ಯಾಕೆ ಬದಲಿಸಬೇಕು, ಎರಡು ಕೆಲಸ ಒಟ್ಟಿಗೆ ಹೋದರೆ ಒಂದರ ಲೆಕ್ಕ ಇನ್ನೊಂದಕ್ಕೆ ಬೆರೆಯುವುದಿಲ್ಲವೇ ಎಂದೆಲ್ಲ ಕೇಳಿದ. ಬೆರೆಯಬಾರದು ಎಂದೇ ಪ್ರತಿ ಕೆಲಸದ ಬುಡಕ್ಕೆ ಮುಕ್ತಾಯದ ಕಾರ್ಡು ಎಂದು ಹೇಳಿದೆ. ತಲೆಯಾಡಿಸಿದ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನನ್ನ ಅಂಗೈ ಬೆವರುತ್ತದೆ. ಬೆಳಗ್ಗೆ ಕೋರ್ಟಿಗೆ ಹೋಗುವ ಮುಂಚೆ, ಸಂಜೆ ಬಂದ ಕೂಡಲೇ, ಅಪ್ಪ ಪಡಸಾಲೆಯಲ್ಲಿ ಕೂರುತ್ತಿದ್ದ. ಅವನು ರದ್ದು ಎನ್ನುವಾಗ ದನಿ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಕಾರ್ಡುಗಳನ್ನು ಮಗುಚಿ ಹಾಕಿ ಗೋಡೆ ನೋಡುತ್ತಿದ್ದ. ಅವ್ವ ಆ ಮಾತು ಕಿವಿಗೆ ಬೀಳಬಾರದೆಂದು ಹಿತ್ತಲಿಗೆ ಹೋಗಿ ಕೂರುತ್ತಿದ್ದಳು, ಹಾಗಾಗಿ ಮುಚ್ಚಳ ತರುವ ಕೆಲಸವೂ ತಂಗಿಗೇ ಬಂತು. ನಾನು ತಪ್ಪಿದಾಗಲೆಲ್ಲ ಅಪ್ಪನ ಮುಖದಲ್ಲಿ ಒಂದು ಸಮಾಧಾನ ಕಾಣುತ್ತದೆಯೇ ಎಂದು ಕದ್ದು ನೋಡುತ್ತಿದ್ದೆ. ಕಾಣುತ್ತಿತ್ತು. ಅದು ನನ್ನ ಭ್ರಮೆಯಲ್ಲ. ಹುಡುಗಿ ತಿರುಗಿ ಬರುತ್ತಾಳೆ ಎಂದು ಅವನು ಹಿಗ್ಗುತ್ತಿದ್ದಾನೆ, ಬೇಕೆಂತಲೇ ಒಗೆಯುತ್ತಿದ್ದಾನೆ ಎಂದುಕೊಂಡು ಪ್ರತಿ ಸಲವೂ ಪುಸ್ತಕ ತೆಗೆದು ತಾಳೆ ನೋಡಿದೆ. ಒಂದು ಸಲವೂ ಅವನು ಸುಳ್ಳು ಹೇಳಿರಲಿಲ್ಲ.

ಅಂಜಿಕೆಯೇನೂ ಕಡಿಮೆಯಾಗಲಿಲ್ಲ. ಆದರೆ ಅಂಜುತ್ತಲೇ ಬರೆಯುವುದು ಕೈಗೆ ರೂಢಿಯಾಯಿತು. ತಪ್ಪುಗಳು ಒಂದೊಂದಾಗಿ ಹೋದವು, ಈ ಸಲ ನಿಜವಾಗಿ ಹೋದವು. ಹೊರಡುವ ಹಿಂದಿನ ದಿನ ಒಂದೂ ರದ್ದಾಗಲಿಲ್ಲ. ಅಪ್ಪ ಕೊನೆಯ ಕಾರ್ಡನ್ನು ಇಟ್ಟು ಎದ್ದು ಹೊರಗೆ ಹೋದ.

ಹೊರಡುವ ದಿನ ಬೆಳಗ್ಗೆ ಅವ್ವ ನನ್ನ ಅಂಗೈಗೆ ಮೊಸರು ಸಕ್ಕರೆ ಹಾಕಿದ್ದಳು. ಟ್ರಂಕು ಹೊಸ್ತಿಲ ಹತ್ತಿರ ಬಂದಿತ್ತು. ಸೊಲ್ಲಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಪ್ಪ ಪಡಸಾಲೆಯಲ್ಲಿ ಕೂತು, "ಒಂದ ಸಲ ಮಾಡು. ಎರಡು ಕೆಲಸ ಒಂದರ ಬೆನ್ನಿಗೆ ಒಂದು ಹಚ್ಚು" ಎಂದ.

ಅವಸರದಲ್ಲಿ ಬರೆದೆ, ಜೋಡಿಸಿ ಮರದಲ್ಲಿಟ್ಟೆ. ಅವನು ಒಂದೊಂದೇ ಎತ್ತಿದ. ಮುಂದ, ಮುಂದ ಎಂದ. ನಡುವೆ ಒಂದು ಕಾರ್ಡು ಕೈಯಲ್ಲಿ ಹಿಡಿದು ಕೂತುಬಿಟ್ಟ. ಚಾಳೀಸು ತೆಗೆದ, ಧೋತರದ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡ. ಕಾರ್ಡು ನೋಡಿದ. ನನ್ನನ್ನು ನೋಡಿದ. ಹೊಸ್ತಿಲ ಹತ್ತಿರದ ಟ್ರಂಕು ನೋಡಿದ. ಅಷ್ಟು ಹೊತ್ತು ಅವನು ಯಾವತ್ತೂ ತೆಗೆದುಕೊಂಡಿರಲಿಲ್ಲ. ತಪ್ಪು ಸಿಗದೆ ಹುಡುಕುತ್ತಿದ್ದಾನೆ ಅಂದುಕೊಂಡೆ. ಅವ್ವ ಕುಂಕುಮದ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದಳು.

"ರದ್ದು," ಎಂದ ಅಪ್ಪ.

"ಹೊಸ್ತಿಲ ದಾಟೂ ಹೊತ್ತಿನ್ಯಾಗ ಏನ್ ಮಾತ್ರೀ ಇದು," ಎಂದು ಅವ್ವ ಅತ್ತೇಬಿಟ್ಟಳು. ನನ್ನನ್ನು ಒಳಗೆ ಕರೆದೊಯ್ದು ಮಣೆಯ ಮೇಲೆ ಕೂರಿಸಿ, ನೀರು ಕುಡಿಸಿ, ಮತ್ತೆ ಹೊಸದಾಗಿ ಹೊರಡಿಸಿದಳು. ಅಪಶಕುನ ಕಳೆಯಲು ನಮ್ಮಲ್ಲಿ ಹಾಗೆ ಮಾಡುತ್ತಾರೆ. ಅಷ್ಟರಲ್ಲಿ ಅಪ್ಪ ಟಾಂಗಾ ತರಲು ಹೋಗಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಅವನು ಟ್ರಂಕು ಮೇಲೇರಿಸಿ ಕಟ್ಟಿಸಿದ, ನನ್ನ ಕಡೆ ನೋಡಲಿಲ್ಲ. ಬಸ್ಸು ಹೊರಟಿತು. ನಾನು ಅವನನ್ನು ದ್ವೇಷಿಸುತ್ತ ಕೂತಿದ್ದೆ. ಊರು ದಾಟಿದ ಮೇಲೆ, ಆ ಎರಡು ಕೆಲಸಗಳ ಕಾರ್ಡುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಎತ್ತಿ ನೋಡಿದೆ. ಮೊದಲ ಕೆಲಸದ ಬುಡಕ್ಕೆ ಮುಕ್ತಾಯದ ಕಾರ್ಡು ಇಟ್ಟಿರಲಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಅದು ಬೇಕಿರಲಿಲ್ಲ, ಅವಸರದಲ್ಲಿ ಕೈ ಹಳೆಯ ದಾರಿ ಹಿಡಿದಿತ್ತು.

ಪುಣೆಯಲ್ಲಿ ನನ್ನ ಸರದಿ ಬಂದಾಗ ಕಂಪ್ಯೂಟರ್ ಕೋಣೆಯ ತಣ್ಣನೆಯ ಗಾಳಿ ಮೈಗೆ ಸೋಕಿ ಹಲ್ಲು ಕಟಕಟ ಎಂದವು. ಸಾಹೇಬರು ಗಡಿಯಾರ ನೋಡುತ್ತ ಹೇಳಿದರು: ಎರಡು ಕೆಲಸ, ಒಂದರ ಹಿಂದೆ ಒಂದು, ಬೇಗ. ಮೊದಲ ಕೆಲಸದ ಕಾರ್ಡುಗಳನ್ನು ಇಟ್ಟೆ. ಎರಡನೆಯ ಕಟ್ಟು ಕೈಗೆ ಬಂದೇಬಿಟ್ಟಿತ್ತು, ಅದರ ಮೇಲೆ ಇಡಲು ಕೈ ಚಾಚಿತ್ತು. ಅಲ್ಲೇ ನಿಂತೆ. ಕಟ್ಟನ್ನು ಕೆಳಗಿಟ್ಟು ಮುಕ್ತಾಯದ ಕಾರ್ಡು ಹುಡುಕಿ ಮೊದಲ ಕೆಲಸದ ಬುಡಕ್ಕಿಟ್ಟು, ಆಮೇಲೆ ಎರಡನೆಯದನ್ನು ಇಟ್ಟೆ. ಟೈಪ್‌ರೈಟರ್ ತನ್ನಷ್ಟಕ್ಕೆ ಬಡಿಯತೊಡಗಿತು. ಅದು ಏನು ಬರೆಯುತ್ತಿದೆ ಎಂದು ನೋಡುವ ಧೈರ್ಯ ನನಗಿರಲಿಲ್ಲ. ಸಾಹೇಬರೇ ಬಗ್ಗಿ ಓದಿ, ಆಯಿತು, ಮುಂದಿನವರನ್ನು ಕಳಿಸಿ ಎಂದರು. ಹೊರಗೆ ಬಂದು ನಲ್ಲಿಯ ಹತ್ತಿರ ವಾಂತಿ ಮಾಡಿಕೊಂಡೆ. ನಾನು ಕಾಯಂ ಆದದ್ದು ಹೀಗೆ.

ಮುಂದಿನ ಬೇಸಿಗೆಯಲ್ಲಿ ಊರಿಗೆ ಬಂದಾಗ ತಂಗಿ ಹತ್ತನೆಯದು ಪಾಸಾಗಿದ್ದಳು. ಅಪ್ಪ ಆಡಿದ ಮಾತಿಗೆ ತಪ್ಪಲಿಲ್ಲ, ತಾನೇ ನಿಂತು ಅವಳನ್ನು ಕಾಲೇಜಿಗೆ ಹಚ್ಚಿದ. ಹೆಸರು ಹಚ್ಚಿ ಕಾಲೇಜಿನಿಂದ ತಿರುಗಿ ಬರುವಾಗ ಅವಳು ಗೆಳತಿಯರ ಜೊತೆ ಮುಂದೆ ಓಡಿದಳು. ಅಪ್ಪ ಮತ್ತು ನಾನು ಬಿಸಿಲಲ್ಲಿ ಗೋಡೆಯ ನೆರಳು ಹಿಡಿದು ಮನೆಯ ಕಡೆ ನಡೆಯುತ್ತಿದ್ದೆವು. ಅವತ್ತು ಯಾಕೋ ಕೇಳುವ ಧೈರ್ಯ ಬಂತು.

"ಅಪ್ಪಾ, ಅವತ್ತ ಹೊಂಡೂ ದಿನ ಆ ತಪ್ಪು ಹುಡುಕಾಕ ಅಷ್ಟ ಹೊತ್ತು ಯಾಕ ಹಿಡೀತು ನಿನಗ?"

"ಹುಡುಕಲಿಲ್ಲ. ಕೂಡಲೆ ಕಂಡಿತ್ತು."

"ಮತ್ತ?"

"ನಾ ಸುಮ್ಮನ ಮುಂದ ಅಂದಿದ್ರ ಅಲ್ಲಿ ಹೋಗಿ ಅದನ್ನ ತಪ್ಪತಿದ್ದಿ. ತಪ್ಪಿ ತಿರುಗಿ ಮನಿಗೆ ಬರತಿದ್ದಿ. ಅಂದಬಿಡೂಣು ಅಂತ ನಾಲಿಗಿ ತುದಿಗೆ ಬಂದಿತ್ತು."

ನಾನು ನಿಂತೆ. ಅವನು ನಿಲ್ಲಲಿಲ್ಲ, ನಾನೇ ಬೇಗ ನಡೆದು ಅವನನ್ನು ಕೂಡಿಕೊಂಡೆ.

"ನೀ ಹೋದಾಗಿಂದ ನನ್ನ ಎದಿ ಒಂದ ದಿನಾನೂ ನೆಟ್ಟಗಿಲ್ಲವಾ," ಎಂದ ಅಪ್ಪ, ನೆಲ ನೋಡುತ್ತ. "ನಿನಗ ಒಂದು ಪರೀಕ್ಷೆದ ಅಂಜಿಕಿ ಇತ್ತು, ಅದು ಮುಗೀತು. ನಂದು ಮುಗದಿಲ್ಲ."

ಬೀದಿಯಲ್ಲಿ ಅಪ್ಪನ ಕೈ ಹಿಡಿಯುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ನಾನು ಹಿಡಿದೆ. ಅದು ನನ್ನ ಕೈಯ ಹಾಗೆಯೇ ಬೆವರಿತ್ತು.